ಕವಿ ತೀರಿಕೊಂಡು ಎಷ್ಟು ವರ್ಷವಾಯಿತು?

ಚರ್ಚಿನ ಗಾಯನ ತಂಡದ ಮುಖ್ಯಸ್ಥೆಯನ್ನು ಎಲ್ಲರೂ ತಾಳಮ್ಮ ಎಂದೇ ಕರೆಯುತ್ತಿದ್ದರು. ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ಮುದ್ರೆ ಒತ್ತುವಾಗಲೂ ಆಕೆಯ ಕೈ ತಾಳ ತಪ್ಪುತ್ತಿರಲಿಲ್ಲ. ಸಾಲಿನಲ್ಲಿ ನಿಂತವರು ತಮಗೇ ಗೊತ್ತಿಲ್ಲದೆ ಕಾಲು ಕುಣಿಸುತ್ತಿದ್ದರು. ಆ ವರ್ಷ ಆಕೆಯ ಕಾಲು ನೆಲದ ಮೇಲೆ ನಿಲ್ಲುತ್ತಲೇ ಇರಲಿಲ್ಲ. ತಂಡದ ಹಾಡುಗಳನ್ನು ಧ್ವನಿಮುದ್ರಣ ಮಾಡಿ ಇಂಟರ್ನೆಟ್ಟಿಗೆ ಹಾಕುವುದು, ಜೊತೆಗೊಂದು ಹಾಡಿನ ಪುಸ್ತಕ ಅಚ್ಚು ಹಾಕಿಸುವುದು ಎಂದು ತೀರ್ಮಾನವಾಗಿತ್ತು. ಮೊದಲನೆಯ ಹಾಡು ಯಾವುದು ಎಂಬ ಚರ್ಚೆಯೇ ಬರಲಿಲ್ಲ. 'ಬಾಗಿಲು ತೆರೆ ಪ್ರಭುವೇ' ಇಲ್ಲದೆ ಆ ಚರ್ಚಿನಲ್ಲಿ ಮದುವೆಯೂ ಆಗುತ್ತಿರಲಿಲ್ಲ, ಮಣ್ಣೂ ಆಗುತ್ತಿರಲಿಲ್ಲ.

ಊಟಕ್ಕೆ ಬಂದಿದ್ದ ತಮ್ಮ ಈ ಸಂಭ್ರಮಕ್ಕೆ ತಣ್ಣೀರೆರಚಿದ. ಅವನು ವಕೀಲ.

"ಅಕ್ಕಾ, ಆ ಹಾಡು ಬರೆದವರು ಯಾರು?"

"ಯಾರೋ ಹಳೇ ಕಾಲದವರು."

"ತೀರಿಕೊಂಡು ಎಷ್ಟು ವರ್ಷ ಆಯ್ತು?"

"ಅದನ್ನ ಕಟ್ಟಿಕೊಂಡು ನಿನಗೇನಾಗಬೇಕು?"

ತಮ್ಮ, ತಟ್ಟೆಯ ಅಂಚಿನಲ್ಲೇ ಬೆರಳಿಟ್ಟು ವಿವರಿಸಿದ. ಪ್ರಾರ್ಥನೆಯ ಹೊತ್ತಿಗೆ ಎದ್ದುನಿಂತು ಹಾಡಿದರೆ ಯಾರೂ ಹಕ್ಕು ಕೇಳುವುದಿಲ್ಲ. ಅಚ್ಚು ಹಾಕಿಸಿದರೆ, ಇಂಟರ್ನೆಟ್ಟಿಗೆ ಏರಿಸಿದರೆ ಕೇಳುತ್ತಾರೆ. ಸಾಹಿತ್ಯಕ್ಕೆ ಒಬ್ಬರ ಹಕ್ಕು, ರಾಗಕ್ಕೆ ಇನ್ನೊಬ್ಬರ ಹಕ್ಕು ಇರಬಹುದು. ಬರೆದವರು ಸತ್ತು ಅರವತ್ತು ವರ್ಷ ಕಳೆದ ಮೇಲೆ ಮಾತ್ರ ಹಾಡು ಊರಿನವರ ಸ್ವತ್ತಾಗುತ್ತದೆ.

"ದೇವರ ಹಾಡಿಗೂ?"

"ದೇವರು ಬರೆದಿದ್ದರೆ ತೊಂದರೆ ಇರಲಿಲ್ಲ. ಮನುಷ್ಯರು ಬರೆದಿದ್ದಾರಲ್ಲ."

ಚರ್ಚಿನ ಹಳೆಯ ಪುಸ್ತಕದಲ್ಲಿ ಹಾಡಿನ ಕೆಳಗೆ 'ಸಂಗ್ರಹ' ಎಂದಷ್ಟೇ ಇತ್ತು. ಸಂಗ್ರಹ ಅಂದರೆ ಯಾರಿಂದಲೋ ಎತ್ತಿಕೊಂಡಿದ್ದಾರೆ ಅಂತ, ಎಂದ ತಮ್ಮ. ತಾಳಮ್ಮ ಅವನಿಗೆ ಎರಡನೇ ಸಲ ಸಾರು ಬಡಿಸಲಿಲ್ಲ.

ಅಂದಿನಿಂದ ಆಕೆ ಕಂಡ ಕಂಡ ಹಿರಿಯರನ್ನೆಲ್ಲ ಹಿಡಿದು, ಕವಿ ಸತ್ತಿದ್ದಾರೋ ಇಲ್ಲವೋ ಎಂದು ವಿಚಾರಿಸತೊಡಗಿದಳು. ಕೊನೆಗೆ ಚರ್ಚಿನ ಗಂಟೆ ಹೊಡೆಯುವ ಮುದುಕ ಸುಳಿವು ಕೊಟ್ಟ: ಹಿಂದಿನ ಕಾಲದಲ್ಲಿ ಇದೇ ಚರ್ಚಿನ ಸಭೆಯಲ್ಲಿ ಕೀರ್ತನೆ ಬರೆಯುವ ಮೇಷ್ಟ್ರೊಬ್ಬರಿದ್ದರು, ಅವರದ್ದೇ ಇರಬೇಕು, ಸ್ಮಶಾನದ ಹಿಂಗೋಡೆಯ ಪಕ್ಕ ಮಲಗಿದ್ದಾರೆ.

ಭಾನುವಾರ ಮಧ್ಯಾಹ್ನ ತಾಳಮ್ಮ ಪಾದ್ರಿಯನ್ನೂ ಕರೆದುಕೊಂಡು ಹೊರಟಳು. ಪಾದ್ರಿ ದುಂಡನೆಯ ಮನುಷ್ಯ, ನಗಲು ನೆಪ ಹುಡುಕುವ ಜಾತಿ. ಇಬ್ಬರೂ ಮೊಣಕಾಲೂರಿ ಕಲ್ಲುಗಳ ಮೇಲಿನ ಪಾಚಿ ಕೆರೆಯುತ್ತ ಹೋದರು. ಗೋಡೆಯ ಮೂಲೆಯಲ್ಲಿ ಮೇಷ್ಟ್ರ ಕಲ್ಲು ಸಿಕ್ಕಿತು. ಪಾದ್ರಿ ಇಸವಿಯ ಮೇಲೆ ಬೆರಳಾಡಿಸಿ, ಮನಸ್ಸಿನಲ್ಲೇ ಕಳೆದು, "ಎಪ್ಪತ್ತು ದಾಟಿದೆ ಕಣಮ್ಮ" ಎಂದರು.

ತಾಳಮ್ಮನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಪಾದ್ರಿಯ ಎರಡೂ ಕೈ ಹಿಡಿದು ಗರಗರ ಒಂದು ಸುತ್ತು ತಿರುಗಿಸಿದಳು. ಪಾದ್ರಿಯ ಟೋಪಿ ಹಾರಿ ಪಕ್ಕದ ಸಮಾಧಿಯ ಮೇಲೆ ಕೂತಿತು.

ಅಲ್ಲಿ ಹೂ ಇಡುತ್ತಿದ್ದ ಮುದುಕಿಯೊಬ್ಬರು ಟೋಪಿಯನ್ನು ಎತ್ತಿ, ಧೂಳು ಕೊಡವಿ ಕೇಳಿದರು: "ಯಾರಾದರೂ ತೀರಿಕೊಂಡರಾ?"

"ಹೌದಮ್ಮ, ದೇವರ ದಯೆ" ಎಂದುಬಿಟ್ಟಳು ತಾಳಮ್ಮ. ಆಮೇಲೆ ನಾಲಗೆ ಕಚ್ಚಿಕೊಂಡು ಇಡೀ ಕತೆ ಹೇಳಿದಳು. ಮುದುಕಿ ತಲೆಯಾಡಿಸುತ್ತ ಕೇಳಿಸಿಕೊಂಡರು.

"ಪಾಪ, ಆ ಮೇಷ್ಟ್ರು ಒಳ್ಳೇ ಹಾಡು ಬರೀತಿದ್ದರಂತೆ. ಇದು ಅವರದ್ದಲ್ಲ. ನನ್ನದು."

"ನಿಮ್ಮದಾ?"

"ನನ್ನದೇ. ನಾನಿನ್ನೂ ಸತ್ತಿಲ್ಲ, ಏನು ಮಾಡಲಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪಾದ್ರಿ ಸಮಾಧಾನ ಹೇಳಲು ಹೋಗಿ, "ಚಿಂತೆ ಬೇಡ ತಾಳಮ್ಮ, ಇವರು ಹೋಗಿ ಅರವತ್ತು ವರ್ಷ..." ಎಂದು ಶುರುಮಾಡಿ, ಮುದುಕಿಯ ಮುಖ ನೋಡಿ, ಮಾತನ್ನು ಕೆಮ್ಮಾಗಿ ಮಾರ್ಪಡಿಸಿದರು.

ಮುದುಕಿ ಹಲ್ಲಿನ ಡಾಕ್ಟರಾಗಿದ್ದವರು. ಮಕ್ಕಳು ಕುರ್ಚಿಯ ಮೇಲೆ ಕೂತ ತಕ್ಷಣ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದವು. ಬೈದರೂ ಇಲ್ಲ, ಮುದ್ದು ಮಾಡಿದರೂ ಇಲ್ಲ. ಅದಕ್ಕೇ ಒಂದು ಹಾಡು ಕಟ್ಟಿದರು. ಪ್ರತಿ ಸಾಲಿನಲ್ಲೂ ಉದ್ದುದ್ದ 'ಆ'. ಮಗು 'ಆ' ಎಂದು ಎಳೆಯುವಷ್ಟರಲ್ಲಿ ಹಲ್ಲು ಇಕ್ಕಳದಲ್ಲಿರುತ್ತಿತ್ತು. ಡಾಕ್ಟರಮ್ಮ ಸಮಾಧಿಯ ಅಂಚಿಗೆ ಕೂತು, ಕೀರಲು ದನಿಯಲ್ಲಿ, ಕುಣಿಯುವ ಗತಿಯಲ್ಲಿ ಹಾಡಿ ತೋರಿಸಿದರು:

ಬಾಯಿ ತೆರೆ ಮಗುವೇ, ಬೆಳಕು ಒಳಗೆ ಬರಲಿ,
ಅಳುವ ನಾಲಗೆಯ ಮೇಲೆ ಆತನ ಹೆಸರಿರಲಿ.

"ಬಾಯಿಯಾ?" ಎಂದಳು ತಾಳಮ್ಮ.

"ಬಾಯಿಯೇ. ಇಲ್ಲಿ ಮಲಗಿದ್ದಾರಲ್ಲ ನಮ್ಮ ಯಜಮಾನರು, ಇವರು ನಿಮ್ಮ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸೋರು. ನನ್ನ ಹಾಡು ಎತ್ತಿಕೊಂಡು ಹೋಗಿ ಅಲ್ಲಿ ಹಾಡಿದರು. ಹಿರಿಯರು ಬಾಯಿ ಅಂದರೆ ಗೌರವ ಅಲ್ಲ ಅಂತ ಬಾಗಿಲು ಮಾಡಿದರು, ಮಗುವನ್ನ ಪ್ರಭು ಮಾಡಿದರು, ಆಮೇಲೆ ಹೆಣ ಹೊರೋ ಹಾಗೆ ಎಳೆದರು. ನಾನು ಇವರ ಹತ್ತಿರ ಮಾತು ಬಿಟ್ಟೆ, ಆ ಚರ್ಚನ್ನೂ ಬಿಟ್ಟೆ. ಇವರ ಹತ್ತಿರ ಮತ್ತೆ ಮಾತಾಡಿದೆ, ಅದು ಬೇರೆ ವಿಷಯ."

ಅಷ್ಟರಲ್ಲಿ ಪಾದ್ರಿ ಕೆನ್ನೆ ಹಿಡಿದುಕೊಂಡು ನಿಂತಿದ್ದರು. ಮುಖ ಕೆಂಪಾಗಿತ್ತು. "ಹಸಿರು ಕುರ್ಚಿ" ಎಂದರು. "ಗೋಡೆ ಮೇಲೆ ಮೊಸಳೆಯ ಚಿತ್ರ. ಅದಕ್ಕೆ ತುಂಬ ಹಲ್ಲು."

ಡಾಕ್ಟರಮ್ಮ ಎದ್ದುಬಂದು ಅವರ ಗಲ್ಲ ಹಿಡಿದರು. "ಬಾಯಿ ತೆಗಿ" ಎಂದರು. ಪಾದ್ರಿ ಸಮಾಧಿಗಳ ನಡುವೆ ನಿಂತು, ಬಿಸಿಲಿಗೆ ಮುಖವೊಡ್ಡಿ, ವಿಧೇಯರಾಗಿ ಬಾಯಿ ತೆರೆದರು. "ಬಲಗಡೆ ಹಿಂದಿನದು ನಾನೇ ಕಿತ್ತಿದ್ದು. ನನ್ನ ಬೆರಳು ಕಚ್ಚಿದವನು ನೀನು."

ತಾಳಮ್ಮನಿಗೆ ನಗು ತಡೆಯಲಾಗಲಿಲ್ಲ. ಮೇಷ್ಟ್ರ ಕಲ್ಲಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಒರೆಸಿಕೊಳ್ಳುತ್ತ ನಕ್ಕಳು. ಡಾಕ್ಟರಮ್ಮನೂ ನಕ್ಕರು. ಪಾದ್ರಿ ಬಾಯಿ ತೆರೆದಂತೆಯೇ ನಕ್ಕರು.

ಮರುದಿನ ತಾಳಮ್ಮನ ತಮ್ಮ ಫೈಲು ಹಿಡಿದು ಡಾಕ್ಟರಮ್ಮನ ಮನೆಗೆ ಬಂದ. ಸಾಕ್ಷಿ ಬೇಕೆಂದ, ಜೊತೆಗೆ ಬಂದಿದ್ದ ಪಾದ್ರಿ ಬಾಯಿ ತೆರೆಯಲು ಹೊರಟಾಗ ಬೇಡ ಎಂದ. ರಾಗ ಯಾರದ್ದೆಂದು ಕೇಳಿದ.

"ಅಜ್ಜಿಯ ಅಜ್ಜಿ ತೊಟ್ಟಿಲು ತೂಗುವಾಗ ಹಾಡ್ತಿದ್ದ ರಾಗ."

"ಹಾಗಿದ್ದರೆ ರಾಗ ಎಲ್ಲರ ಸ್ವತ್ತು. ಸಾಹಿತ್ಯಕ್ಕೆ ಮಾತ್ರ ನಿಮ್ಮ ಒಪ್ಪಿಗೆ ಸಾಕು. ಏನು ಷರತ್ತು?"

"ಈ ಚರ್ಚಿಗೆ ಮಾತ್ರ ಯಾಕೆ? ಎಲ್ಲರಿಗೂ ಬಿಟ್ಟುಕೊಡ್ತೀನಿ. ಯಾರು ಬೇಕಾದರೂ ಹಾಡಲಿ, ಅಚ್ಚು ಹಾಕಲಿ. ಬಾಯಿಯನ್ನ ಬಾಯಿ ಅಂತಲೇ ಹಾಡಬೇಕು, ಅಷ್ಟೇ."

"ಬದುಕಿರುವಾಗಲೇ ಬಿಟ್ಟುಕೊಡ್ತೀರಾ?"

"ಸತ್ತ ಮೇಲೆ ಕೊಟ್ಟರೆ ನನಗೇನಪ್ಪ ಮಜಾ? ಯಾರು ಹೇಗೆ ಹಾಡ್ತಾರೆ ಅಂತ ನಾನು ಕೇಳಬೇಡವಾ?"

ಚರ್ಚಿನ ಹಿರಿಯರಲ್ಲಿ ಒಬ್ಬಿಬ್ಬರು ಗೊಣಗಿದರು. ದೇವರ ಮನೆಯಲ್ಲಿ ಬಾಯಿ ಗೀಯಿ ಎಂದರೆ ಚೆನ್ನಾಗಿರುತ್ತದೆಯೇ ಎಂದರು. ಬಾಯಿಲ್ಲದೆ ದೇವರನ್ನು ಯಾತರಿಂದ ಹೊಗಳುತ್ತೀರಿ ಎಂದು ಪಾದ್ರಿ ಕೇಳಿದ ಮೇಲೆ ಗೊಣಗಾಟ ನಿಂತಿತು.

ಧ್ವನಿಮುದ್ರಣದ ದಿನ ಡಾಕ್ಟರಮ್ಮ ಮುಂದಿನ ಬೆಂಚಿನಲ್ಲಿ ಕೂತರು. ತಾಳಮ್ಮ ಕೈ ಎತ್ತಿದಳು. ಇಷ್ಟು ವರ್ಷ ತೆವಳಿದ ಹಾಡು ಈಗ ಓಡಬೇಕಿತ್ತು; ಗಂಡಸರ ಸಾಲು ಮೊದಲ ಸಾಲಿಗೇ ಮುಗ್ಗರಿಸಿತು. ಎರಡನೇ ಸಲ, ಉದ್ದದ 'ಆ' ಬಂದಾಗ ಎಲ್ಲರ ಬಾಯಿಯೂ ಬಾವಿಯಷ್ಟಗಲ ತೆರೆದಿದ್ದನ್ನು ನೋಡಿ ತಾಳಮ್ಮನೇ ಕಿಸಕ್ಕೆಂದಳು. ಅವಳ ನಗು ಹೆಂಗಸರಿಗೆ ಹತ್ತಿತು, ಹೆಂಗಸರಿಂದ ಗಂಡಸರಿಗೆ, ಅಲ್ಲಿಂದ ಹಾರ್ಮೋನಿಯಂ ನುಡಿಸುವವನಿಗೆ. ಯಂತ್ರದ ಮುಂದೆ ಕೂತಿದ್ದವನು ನಿಲ್ಲಿಸಲಾ ಎಂದು ಸನ್ನೆ ಮಾಡಿದ.

"ನಿಲ್ಲಿಸಬೇಡ" ಎಂದರು ಡಾಕ್ಟರಮ್ಮ. "ಹೀಗೇ ಇರಬೇಕು." ಎದ್ದು ಬಂದು ಹೆಂಗಸರ ಸಾಲಿನಲ್ಲಿ ತಾವೂ ನಿಂತು, ಶ್ರುತಿಯ ಗೊಡವೆಗೇ ಹೋಗದೆ ದನಿಗೂಡಿಸಿದರು.

ತಾಳಮ್ಮ ತಾಳ ಹಾಕುವುದನ್ನೇ ಮರೆತಳು. ಆದರೂ ಹಾಡು ನಿಲ್ಲಲಿಲ್ಲ. ಬೆಂಚುಗಳ ಮೇಲೆ, ಮೊಣಕಾಲುಗಳ ಮೇಲೆ, ಪುಸ್ತಕಗಳ ಬೆನ್ನಿನ ಮೇಲೆ ಇಡೀ ಸಭೆಯೇ ತಾಳ ತಟ್ಟುತ್ತಿತ್ತು.