ಅರ್ಧಕ್ಕೆ ನಿಂತ ಗೋಡೆ

ಮೊದಲ ಏಟು ತಂಗಿಯ ಎಡಗೆನ್ನೆಗೆ ಬಿತ್ತು. ಕೈಲಿದ್ದ ಗಾಜಿನ ಸ್ಲೈಡು ಜಾರಿ ಮೇಜಿನ ಕಾಲಿಗೆ ಬಡಿದು ಪುಡಿಯಾಯಿತು.

"ಇನ್ನೊಂದು ಸಲ ಹೇಳು," ಎಂದ ಅಣ್ಣ.

"ಪ್ರೋಟೀನ್ ತೆಗೆದ ಸಸಿಗಳಲ್ಲಿ ಗೋಡೆ ಸರಿಯಾಗೇ ಎದ್ದಿದೆ," ಎಂದಳು ತಂಗಿ. "ಏನೂ ತೆಗೀದೇ ಇರೋ ಸಸಿಗಳಲ್ಲೇ ಎದ್ದಿಲ್ಲ. ಹೊಡಿ. ನೀನು ಹೊಡೆದ್ರೆ ಏಳುತ್ತೇನೋ ನೋಡೋಣ."

ಎರಡನೆಯದು ಕಿವಿಯ ಮೇಲೆ ಬಿತ್ತು. ಮೂಲೆಯ ಕಂಪ್ಯೂಟರಿನ ಮುಂದೆ ಕೂತಿದ್ದ ಸಹೋದ್ಯೋಗಿ, ಎಲ್ಲರೂ ಕನ್ನಡಕ ಅಂತಲೇ ಕರೆಯುವವನು, ಕೀಲಿಗಳ ಮೇಲಿಟ್ಟ ಬೆರಳನ್ನು ತೆಗೆಯಲೂ ಇಲ್ಲ, ಒತ್ತಲೂ ಇಲ್ಲ.

ಗಿಡದ ಜೀವಕೋಶ ಎರಡಾಗುವಾಗ ಗೋಡೆ ಹೊರಗಿಂದ ಒಳಕ್ಕೆ ಬರುವುದಿಲ್ಲ. ನಟ್ಟನಡುವೆ ಹುಟ್ಟುತ್ತದೆ. ಗೋಡೆಯ ಸಾಮಾನು ಹೊತ್ತ ಸಣ್ಣ ಸಣ್ಣ ಚೀಲಗಳು ಅಲ್ಲಿ ಬಂದು ಸೇರುತ್ತವೆ. ಒಂದರ ಮೈಗೆ ಇನ್ನೊಂದನ್ನು ಕೊಂಡಿ ಹಾಕಿ ಬೆಸೆಯುವುದು ಪ್ರೋಟೀನುಗಳ ಕೆಲಸ. ಬೆಸೆದದ್ದು ಅಂಚಿನ ಕಡೆಗೆ ಹರಡುತ್ತಾ ಹೋಗಿ ಹಳೇ ಗೋಡೆಯನ್ನು ಮುಟ್ಟಿತೋ, ಒಂದು ಕೋಣೆ ಎರಡಾಯಿತು. ಅಂಥ ಒಂದು ಹೊಸ ಕೊಂಡಿ ಪ್ರೋಟೀನು ತನಗೆ ಸಿಕ್ಕಿದೆ ಅಂತ ಅಣ್ಣ ಹೇಳಿಕೊಂಡು ತಿರುಗುತ್ತಿದ್ದ. ಅದನ್ನು ತೆಗೆದ ಸಸಿಗಳ ಬೇರಿನ ತುದಿಯಲ್ಲಿ ಗೋಡೆ ಮುರಿದ ಹಲ್ಲಿನ ಹಾಗೆ ಅರ್ಧಕ್ಕೆ ನಿಂತಿತ್ತು. ಒಂದೇ ಕೋಣೆಯಲ್ಲಿ ಎರಡು ಸಂಸಾರ, ಎರಡೆರಡು ಕೋಶಕೇಂದ್ರ. ನಾಳೆ ಹೊರಗಿನಿಂದ ದೊಡ್ಡವರು ಇದನ್ನು ಪರೀಕ್ಷಿಸಲು ಬರುತ್ತಾರೆ. ಅವರು ಹೂಂ ಅಂದರೆ ಈ ಪ್ರಯೋಗಾಲಯ ಅವನದು. ಪಕ್ಕದಲ್ಲಿ ನಿಂತು ಸ್ಲೈಡು ತೋರಿಸಬೇಕಾದವಳು ತಂಗಿ. ತೋರಿಸದಿದ್ದರೆ ಈ ಕೆಲಸವೂ ಇಲ್ಲ, ಅವನ ಮನೆಯಲ್ಲಿ ಅವಳಿಗೊಂದು ಹಾಸಿಗೆಯೂ ಇಲ್ಲ. ಅದನ್ನವನು ಬೆಳಿಗ್ಗೆ ಸ್ಕೂಟರಿನಲ್ಲಿ ಬರುವಾಗಲೇ ಹೇಳಿ ಮುಗಿಸಿದ್ದ.

"ಟ್ರೇ ಅದಲು ಬದಲು ಮಾಡಿದೀಯ ನೀನು."

"ಜಾಗ ಅದಲು ಬದಲಾಗಿದೆ. ಕಪಾಟು ತೊಳೆಯೋವಾಗ ಕನ್ನಡಕ ಅವರು ಮಾಮೂಲಿ ಸಸಿಗಳನ್ನ ಕಿಟಕಿ ಹತ್ರ ಇಟ್ರು. ಅಲ್ಲಿದ್ದ ನಿನ್ನ ಸಸಿಗಳು ಒಳಕಪಾಟಿಗೆ ಹೋದ್ವು. ಕಿಟಕಿ ಹತ್ರ ನಿಂತು ದಿನಾ ಏನು ಮಾಡ್ತೀಯ ಹೇಳಣ್ಣ."

ಅಣ್ಣನ ಕಣ್ಣು ಕಿಟಕಿಯ ಕಡೆ ಹೋಯಿತು.

"ಕಾಫಿ ಕುಡೀತೀಯ. ತಳದಲ್ಲಿ ಉಳಿದಿದ್ದನ್ನ ಟ್ರೇಗೆ ಸುರೀತೀಯ. ಇವಕ್ಕೂ ನಿದ್ದೆ ಬರಬಾರದು ಅಂತ ನಗ್ತೀಯ. ನಾವೂ ನಗ್ತೀವಿ."

ಕಾಫಿಯಲ್ಲಿರುವ ಕೆಫೀನು ಆ ಗೋಡೆಯನ್ನು ಅರ್ಧದಲ್ಲೇ ತಡೆಯುತ್ತದೆಂಬುದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಬಾಟಲಿಯಿಂದ ಅಳೆದು ಈರುಳ್ಳಿ ಬೇರಿಗೆ ಹಾಕಿ ವಿದ್ಯಾರ್ಥಿಗಳಿಗೆ ಪಾಠ ಮಾಡಿದವನೇ ಅಣ್ಣ. ಬಾಟಲಿಯಲ್ಲಿದ್ದರೆ ಔಷಧಿ, ಕಪ್ಪಿನಲ್ಲಿದ್ದರೆ ಕಾಫಿ. ಅಷ್ಟು ಓದಿದ ತಲೆಗೆ ಇಷ್ಟು ಹೋಗಲಿಲ್ಲ.

ಅವನು ಅವಳ ಜಡೆಗೆ ಕೈ ಹಾಕಿದ. ಸುತ್ತಿ ಎಳೆದು, ಮುಖವನ್ನು ಮೈಕ್ರೋಸ್ಕೋಪಿಗೆ ಅಪ್ಪಳಿಸಿದ. "ನೋಡೇ. ನಾಳೆ ಏನು ಕಾಣಬೇಕೋ ಅದನ್ನ ನೋಡು." ಹುಬ್ಬು ಸೀಳಿತು. ರಕ್ತ ಮಸೂರದ ಸುತ್ತಲಿನ ಕಬ್ಬಿಣದ ಮೇಲೆ ಇಳಿಯಿತು. ಅಪ್ಪ ಸತ್ತ ಮೇಲೆ ಲೆಕ್ಕ ತಪ್ಪಿದಾಗೆಲ್ಲ ಹೀಗೇ ಪುಸ್ತಕಕ್ಕೆ ಮುಖ ಒತ್ತಿಯೇ ಅವಳನ್ನು ಓದಿಸಿದ್ದ. ತಂಗಿಯನ್ನು ದಡ ಸೇರಿಸಿದ ಪುಣ್ಯಾತ್ಮ ಅಂತ ನೆಂಟರೆಲ್ಲ ಹೊಗಳುತ್ತಿದ್ದರು. ಹೊಗಳಿದವರ ಬಾಯಿಗೆ ಮಣ್ಣು ಹಾಕ.

"ಕನ್ನಡಕ ಸಾರ್," ಎಂದಳು ಅವಳು, ತಲೆ ಎತ್ತಲಾಗದೆ.

"ಅದು, ಮನೆ ವಿಷಯ ಅಲ್ವಾ ಮೇಡಂ," ಎಂದ ಅವನು, ಕಂಪ್ಯೂಟರಿನ ಪರದೆಯನ್ನೇ ನೋಡುತ್ತಾ.

ಜಡೆ ಬಿಟ್ಟ ಅಣ್ಣ ನೇರ ಒಳಕಪಾಟಿಗೆ ಹೋದ. ಪ್ರೋಟೀನ್ ತೆಗೆದ ಸಸಿಗಳ ಟ್ರೇಯನ್ನು ಎತ್ತಿ ನೆಲಕ್ಕೆ ಬಡಿದ. ಗಾಜು, ನೀರು, ಎಳೆಬೇರು ಎಲ್ಲ ಚೆಲ್ಲಾಪಿಲ್ಲಿ. ಅದರ ಮೇಲೆ ಹತ್ತಿ ತುಳಿದ. ಚಪ್ಪಲಿಯ ಹಿಮ್ಮಡಿ ತಿರುಗಿಸಿ ತಿರುಗಿಸಿ ಹೊಸಕಿದ. "ಎಲ್ಲಿದೆ ತೋರಿಸೀಗ. ಎಲ್ಲೇ ನಿನ್ನ ಗೋಡೆ?"

ಮೇಜಿನ ಪಕ್ಕದ ಸ್ಟೂಲು ಯಾವಾಗ ತನ್ನ ಕೈಗೆ ಬಂತೋ ಅವಳಿಗೆ ಗೊತ್ತಾಗಲಿಲ್ಲ. ಬೀಸಿದಳು. ಅದರ ಕಬ್ಬಿಣದ ಕಾಲು ಅವನ ಮೊಣಕೈಗೆ ಬಿತ್ತು. ಒಣಕಟ್ಟಿಗೆ ಲಟಕ್ಕೆಂದಂತೆ ಸದ್ದಾಯಿತು. ಅವನು ಇನ್ನೊಂದು ಕೈ ಚಾಚಿ ಅವಳ ಕುತ್ತಿಗೆ ಹಿಡಿದ. ಅವಳು ಆ ಕೈಯನ್ನು ಕಚ್ಚಿದಳು. ಹಲ್ಲು ಮಾಂಸಕ್ಕಿಳಿಯುವ ತನಕ ಬಿಡಲಿಲ್ಲ. ಅವನು ಹಿಂದಕ್ಕೆ ತೂರಾಡಿದಾಗ ಸ್ಟೂಲು ಮತ್ತೊಮ್ಮೆ ಬಂತು, ತಲೆಗೇ ಬಂತು. ಅಣ್ಣ ಗೋಡೆಗೆ ಒರಗಿಕೊಂಡು ಜಾರಿ, ಒದ್ದೆ ನೆಲದಲ್ಲಿ ಕೂತುಬಿಟ್ಟ.

"ಅಯ್ಯೋ, ಸಾಕು ಬಿಡಿ ಮೇಡಂ," ಕನ್ನಡಕ ಈಗ ಎದ್ದು ನಿಂತಿದ್ದ. "ಯಾರನ್ನಾದ್ರೂ ಕರೀಲಾ?"

"ಮನೆ ವಿಷಯ. ಕೂತ್ಕೊಳ್ಳಿ."

ಅವನು ಕೂತ.

ಅವಳು ಸ್ಟೂಲನ್ನು ನೆಟ್ಟಗೆ ನಿಲ್ಲಿಸಿದಳು. ಚಿಮಟಿಗೆ ಹಿಡಿದು ಬಗ್ಗಿ, ತುಳಿತಕ್ಕೆ ಸಿಗದೆ ನೀರಿನ ಜೊತೆ ಮೇಜಿನಡಿಗೆ ಹರಿದುಹೋಗಿದ್ದ ಒಂದು ಸಸಿಯನ್ನು ಎತ್ತಿದಳು. ಬೇರಿನ ತುದಿ ಕತ್ತರಿಸಿ, ಬಣ್ಣದಲ್ಲಿ ನೆನೆಸಿ, ಬಣ್ಣ ಹಿಡಿಯುವಷ್ಟು ಹೊತ್ತು ಹುಬ್ಬಿಗೆ ಸೆರಗು ಒತ್ತಿಕೊಂಡು ನಿಂತಳು. ಆಮೇಲೆ ಗಾಜು ಮುಚ್ಚಿ ಹೆಬ್ಬೆರಳಿಂದ ಒತ್ತಿದಳು. ಮಸೂರದ ರಕ್ತ ಒರೆಸಿ, ಸ್ಲೈಡು ಕೂರಿಸಿದಳು.

"ಬಾ. ನೋಡು."

"ನೋಡಲ್ಲ."

"ಸ್ಟೂಲು ಇನ್ನೂ ಮುರಿದಿಲ್ಲ ಅಣ್ಣ."

ಅವನು ಎದ್ದು ಬಂದ. ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಬಗ್ಗಿದ. ಒಂದು ಕಣ್ಣು ಆಗಲೇ ಊದಿತ್ತು, ಇನ್ನೊಂದರಲ್ಲಿ ನೋಡಿದ. ಅವಳು ಕಾದಳು. ಅವನ ಮೂಗಿನ ಉಸಿರು ಗಾಜಿಗೆ ತಾಗುವುದು ಕೇಳುತ್ತಿತ್ತು. ಮುರಿಯದ ಕೈ ತಾನಾಗಿ ಮೈಕ್ರೋಸ್ಕೋಪಿನ ತಿರುಪಿಗೆ ಹೋಯಿತು, ಮೆಲ್ಲಗೆ ಅತ್ತ ತಿರುಗಿಸಿತು, ಇತ್ತ ತಿರುಗಿಸಿತು. ಬಹಳ ಹೊತ್ತು ಅವನು ತಲೆ ಎತ್ತಲಿಲ್ಲ.

"ಗೋಡೆ ಅಂಚಿನ ತನಕ ಹೋಗಿದೆ," ಎಂದ ಕೊನೆಗೆ, ಯಾರಿಗೋ ಹೇಳಿದ ಹಾಗೆ. ಮಸೂರದಿಂದ ಕಣ್ಣು ತೆಗೆದು, "ಇನ್ನೊಂದು ಬೇರು ಇದೆಯಾ?"

"ನೀನೇ ಹುಡುಕ್ಕೋ," ಎಂದು ಅವಳು ಚಿಮಟಿಗೆಯನ್ನು ಅವನ ಪಕ್ಕಕ್ಕೆ ತಳ್ಳಿದಳು. "ನಾಳೆ ನಾನು ಇದನ್ನೇ ತೋರಿಸೋದು."

ತೊಟ್ಟಿಯ ನಲ್ಲಿ ತಿರುಗಿಸಿ ಮುಖ ತೊಳೆದಳು. ನೀರು ಕೆಂಪಗೆ ಸುತ್ತಿ ತೂತಿನೊಳಗೆ ಇಳಿಯಿತು. ಬೆನ್ನ ಹಿಂದೆ ಮೊಣಕಾಲು ಊರಿದ ಸದ್ದು, ಆಮೇಲೆ ಗಾಜಿನ ಚೂರುಗಳನ್ನು ಒಂದೊಂದಾಗಿ ಸರಿಸುತ್ತಿರುವ ಸದ್ದು.