ಬೆಂದ ಕೋಸಿನ ಸತ್ವ

ಪರದೆಯ ಮೇಲೆ ಗೆರೆ ಏಳುತ್ತಿದೆ, ಆರನೆಯ ನಿಮಿಷಕ್ಕೆ ಸರಿಯಾಗಿ, ಏಳಲೇಬೇಕಿತ್ತು, ಅವಳಿಗೆ ಅನುಮಾನವೇ ಇರಲಿಲ್ಲ — ಮೂತ್ರದಲ್ಲಿ ಕೋಸಿನ ಸತ್ವ ಸಿಕ್ಕರೆ ಮಾತ್ರ ಏಳುವ, ಆರು ವಾರ ಚಪ್ಪಟೆಯಾಗಿ ಮಲಗಿದ್ದ ಗೆರೆ, ಪ್ರಯೋಗಾಲಯದ ಉಳಿದವರಿಗೆ ಹತ್ತೊಂಬತ್ತನೆಯ ನಂಬರು, ಅವಳಿಗೆ ಒಡಹುಟ್ಟಿದ ಅಕ್ಕ, ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಎಲೆಕೋಸನ್ನು ಮೆತ್ತಗೆ ಬೇಯಿಸುತ್ತಿರುವ ಅಕ್ಕ, ಊಟದ ಚೀಲದಿಂದ ಮೂತ್ರದ ಸೀಸೆ ತೆಗೆದು ಮೇಜಿನ ಮೇಲಿಟ್ಟು, ತಗೋ ನಿನ್ನ ಬುತ್ತಿ ಎಂದವಳು. ಬೆಂದ ಕೋಸಿನಲ್ಲಿ ಏನೂ ಸಿಗಲ್ಲ ಕಣಮ್ಮ, ಮುಖ್ಯಸ್ಥರು ಕನ್ನಡಕ ಒರೆಸುತ್ತಾ, ಎಲೆಯ ಕಿಣ್ವ ಬಿಸಿಗೆ ಸತ್ತುಹೋಗುತ್ತೆ, ಆಮೇಲೆ ಒಳ್ಳೆ ಅಂಶ ಬಿಡಿಸಿಕೊಡೋರು ಯಾರು — ಕರುಳಿನ ಬ್ಯಾಕ್ಟೀರಿಯಾ ಸರ್, ಎಲೆ ಮಾಡದ ಕೆಲಸ ಅವು ಮಾಡ್ತವೆ. ಎಲ್ಲರಲ್ಲೂ ಒಂದೇ ಸಮ ಅಲ್ಲ, ಕೆಲವರವು ಶುದ್ಧ ಸೋಮಾರಿಗಳು, ಕೋಸು ಬಂದದ್ದೂ ಹೋದದ್ದೂ ಅವಕ್ಕೆ ಗೊತ್ತಾಗುವುದಿಲ್ಲ, ಅಕ್ಕನವು ಅಕ್ಕನ ಹಾಗೆಯೇ, ಕೈಗೆ ಸಿಕ್ಕಿದ್ದನ್ನು ಮುಗಿಸದೆ ಕೂರುವುದಿಲ್ಲ. ಮುಖ್ಯಸ್ಥರ ಮಾತನ್ನು ಅಕ್ಕನಿಗೆ ಹೇಳಬಾರದಿತ್ತು, ನಾಲಿಗೆ ತಡೆಯಲಿಲ್ಲ, ಅಕ್ಕ ಸೌಟು ಕೆಳಗಿಟ್ಟು, ಹಾಗಾದ್ರೆ ಇಷ್ಟು ವರ್ಷ ಆ ಮಕ್ಕಳಿಗೆ ನಾನು ಬಡಿಸಿದ್ದು ಬರೀ ನೀರಾ — ಆ ಪ್ರಶ್ನೆಗೆ ಉತ್ತರ ಕೊಡದೆ ಅವಳು ನಿದ್ದೆ ಮಾಡುವುದಾದರೂ ಹೇಗೆ. ಮೊದಲ ತಿಂಗಳು ಗೆರೆ ಎತ್ತರಕ್ಕೇ ಎದ್ದಿತ್ತು, ಅಷ್ಟರಲ್ಲಿ ಅಕ್ಕನ ಹೊಟ್ಟೆನೋವು, ಆಪರೇಷನ್ನು, ವಾರವಿಡೀ ಜೋರಾದ ಆ್ಯಂಟಿಬಯೋಟಿಕ್, ಮನೆಗೆ ಬಂದ ಮೇಲೆ ಅದೇ ಪಾತ್ರೆ ಅದೇ ಕೋಸು, ಗೆರೆ ಮಾತ್ರ ನೆಲಕಚ್ಚಿತು. ಹತ್ತೊಂಬತ್ತನ್ನು ಕೈಬಿಡು ಅಂದರು ಮುಖ್ಯಸ್ಥರು, ಬಿಡಲ್ಲ ಸರ್, ಔಷಧಿಗೆ ಕರುಳಿನ ಆಳುಗಳು ಹೋದರು ಕೆಲಸ ನಿಂತಿತು, ವಾಪಸ್ ಬಂದಾಗ ಕೆಲಸ ಶುರುವಾದರೆ ಆಮೇಲೆ ನೀವೇ ಹೇಳಿ — ಇಗೋ ಶುರುವಾಯಿತು, ಹಳೆಯ ಎತ್ತರದ ಮುಕ್ಕಾಲು ಪಾಲು, ಒಂದೇ ಸಲದ್ದಲ್ಲ, ಮೂರು ಸೀಸೆಗೆ ಮೂರೂ ಸಲ. ಫೋನು ಕೈಯಲ್ಲಿದೆ, ಬಂತು ಅಕ್ಕ, ನಿನ್ನವೆಲ್ಲ ವಾಪಸ್ ಬಂದಿವೆ, ನೀನು ಬಡಿಸಿದ್ದು ನೀರಲ್ಲ, ಅತ್ತ ಪಾತ್ರೆಗಳ ಸದ್ದು, ಅದರ ನಡುವೆಯೇ ಅಕ್ಕ, ನನ್ನನ್ನ ಬಿಟ್ಟು ಇನ್ನೆಲ್ಲಿಗೆ ಹೋಗ್ತವೆ, ಸರಿ ಇಡ್ತೀನಿ, ಒಲೆ ಮೇಲಿದೆ. ನಗು ಬರುತ್ತಿದೆ, ಹಾಳೆಗಳನ್ನು ಜೋಡಿಸಿಕೊಂಡು ಮುಖ್ಯಸ್ಥರ ಕೋಣೆಗೆ ಹೋಗಬೇಕು, ತಲೆ ಎತ್ತಿ ಹೋಗಬೇಕು, ಹೋಗುತ್ತಾಳೆ, ಆದರೆ ಈ ಆರು ವಾರ ಕಣ್ಣು ಮುಚ್ಚಿದಾಗಲೆಲ್ಲ ಬಂದದ್ದು ಮತ್ತೆ ಬಂದಿದೆ — ಆಸ್ಪತ್ರೆಯ ಬಿಳಿ ಹೊದಿಕೆ, ಸೂಜಿ ಚುಚ್ಚಿ ಪಟ್ಟಿ ಅಂಟಿಸಿದ ಅಕ್ಕನ ಕೈ, ಮಂಪರಿನಲ್ಲೂ ಹೊದಿಕೆಯ ಮೇಲೆ ಸಣ್ಣಗೆ, ಒಂದೇ ಸಮನೆ, ಕೋಸು ಹೆಚ್ಚುತ್ತಿರುವ ಆ ಕೈ