ಒಪ್ಪಿ ಬಂದವರು

ಗೋಧಿ ಕೊಯ್ಲಿಗೆ ಬಂದಿದ್ದ ದಿನಗಳಲ್ಲೇ ಇಂಗ್ಲಿಷರಿಗೆ ಆಳುಗಳು ಬೇಕಾದರು. ಪ್ಯಾಲೆಸ್ತೀನಿನಲ್ಲಿ ತುರ್ಕರ ಮೇಲೆ ನಡೆಯುತ್ತಿದ್ದ ಅವರ ಯುದ್ಧಕ್ಕೆ ರೈಲುಹಳಿ ಹಾಕಲು, ನೀರಿನ ಕೊಳವೆ ಹೂಳಲು, ಹೆಣ ಹೊರಲು ಈಜಿಪ್ಟಿನ ರೈತರೇ ಆಗಬೇಕು. ಬಲವಂತವಿಲ್ಲ, ಮನಸ್ಸಿದ್ದವರು ಬನ್ನಿ ಎಂದು ಸರ್ಕಾರ ಡಂಗುರ ಹೊಡೆಸಿತು. ಯಾರಿಗೂ ಮನಸ್ಸಿರಲಿಲ್ಲ. ಕೊನೆಗೆ ಊರೂರಿನ ಮುಖ್ಯಸ್ಥರಾದ ಉಮ್ದಾಗಳಿಗೆ, ನಿಮ್ಮೂರಿಂದ ಇಷ್ಟು ತಲೆ ಎಂದು ಹುಕುಂ ಬಂತು.

ಸೋಹಾಗ್ ಕಡೆಯ ಒಂದು ಹಳ್ಳಿಯ ಉಮ್ದಾ ಶಂದವೀಲ್ ಎಂಬಾತ ಊರಿಗೇ ಯಜಮಾನ. ತನ್ನ ಮಕ್ಕಳನ್ನೂ ಅಳಿಯಂದಿರನ್ನೂ ಬದಿಗಿಟ್ಟು, ಉಳಿದವರಲ್ಲಿ ಹಿಂದುಮುಂದಿಲ್ಲದವರನ್ನು ಆರಿಸಿದ. ಹಿಡಿದು ತರುವ ಕೆಲಸ ಕಾವಲುಗಾರ ಹರೀದಿಯ ಪಾಲಿಗೆ ಬಂತು.

ಬೆಳಿಗ್ಗೆ ಹರೀದಿ ಗೂಟದಿಂದ ಎಮ್ಮೆಯ ಹಗ್ಗ ಬಿಚ್ಚುವುದನ್ನು ಅವನ ಹೆಂಡತಿ ನಬವಿಯಾ ಕಂಡಳು.

"ಹಗ್ಗ ಎಲ್ಲಿಗೆ?"

"ಉಮ್ದಾ ಕೇಳಿದ್ದಾರೆ."

"ಅವರ ಎಮ್ಮೆ ತಪ್ಪಿಸ್ಕೊಂಡಿದ್ಯಾ?"

ಅವನು ಟೊಪ್ಪಿ ಸರಿಮಾಡಿಕೊಂಡು ಹೊರಟುಹೋದ.

ಮಧ್ಯಾಹ್ನ ಹೊಲದ ಕಡೆಯಿಂದ ಹೆಂಗಸರ ಗೋಳು ಕೇಳಿತು. ನಬವಿಯಾ ಓಡಿದಳು. ಕಾಲುವೆಯ ಏರಿಯ ಮೇಲೆ ಗಂಡಸರನ್ನು ಸೊಂಟಕ್ಕೆ ಸೊಂಟ ಬಿಗಿದು ಸಾಲಾಗಿ ನಡೆಸಿಕೊಂಡು ಬರುತ್ತಿದ್ದರು. ನಡುವೆ ಖಲಫ್ ಇದ್ದ. ಕೂದಲಲ್ಲಿ ಇನ್ನೂ ಗೋಧಿಯ ಹೊಟ್ಟು. ಅವನು ಪಕ್ಕದ ಮನೆಯ ವಿಧವೆಯ ಒಬ್ಬನೇ ಮಗ. ಅವನು ಹುಟ್ಟಿದಾಗ ತಾಯಿಗೆ ಹಾಲಿರಲಿಲ್ಲ. ಆಗಷ್ಟೇ ಕೂಸನ್ನು ಮಣ್ಣು ಮಾಡಿದ್ದ ನಬವಿಯಾ ಅವನನ್ನು ಎದೆಗೆ ಹಾಕಿಕೊಂಡು ಬೆಳೆಸಿದ್ದಳು. ಶರೀಯತ್ತಿನ ಲೆಕ್ಕದಲ್ಲಿ ಅವನು ಅವಳಿಗೂ ಹರೀದಿಗೂ ಹಾಲಿನ ಮಗ.

"ಇವನನ್ನೂ ಕಟ್ಟಿದ್ಯಾ?" ನಬವಿಯಾ ಗಂಡನ ತೋಳು ಹಿಡಿದಳು.

"ಹುಕುಂ. ಇವನನ್ನ ಬಿಟ್ರೆ ನನ್ನನ್ನೇ ಕಟ್ತಾರೆ."

"ಕಟ್ಲಿ. ನಿನ್ನ ಸೊಂಟ ಏನು ಗಾಜಿಂದಾ?"

ಖಲಫನ ತಾಯಿ ಉಮ್ದಾನ ಜಗಲಿಯಲ್ಲಿ ಬಿದ್ದು ಅವನ ನಿಲುವಂಗಿಯ ಅಂಚಿಗೆ ಮುತ್ತಿಡುತ್ತಿದ್ದಳು. ಉಮ್ದಾ ಪಾರಿವಾಳದ ಕಾಲು ಚೀಪುತ್ತಿದ್ದ. ಗಡ್ಡಕ್ಕೆ ಜಿಡ್ಡು ಇಳಿದಿತ್ತು.

"ಅಳ್ತಾರೇನಮ್ಮ? ಕೈತುಂಬ ಸಂಬಳ, ಹೊಸ ಕೋಟು. ನಿನ್ನ ಮಗ ವಾಪಸ್ ಬಂದಾಗ ನೀನೇ ಗುರುತು ಹಿಡಿಯಲ್ಲ."

ಮರುದಿನ ಇಬ್ಬರು ಹೆಂಗಸರೂ ರೊಟ್ಟಿ, ಈರುಳ್ಳಿ ಕಟ್ಟಿಕೊಂಡು ಸಾಲಿನ ಹಿಂದೆಯೇ ಪೇಟೆಗೆ ನಡೆದರು. ಠಾಣೆಯ ಗೋಡೆಯ ಮರೆಯಲ್ಲಿ ಹರೀದಿ ಹಗ್ಗ ಬಿಚ್ಚಿದ. ಗೋಡೆಯ ಆಚೆ ಮರದ ನೆರಳಲ್ಲಿ ಮೇಜು ಹಾಕಿಕೊಂಡು ಒಬ್ಬ ಇಂಗ್ಲಿಷ್ ಸಾಹೇಬ ನೊಣ ಓಡಿಸುತ್ತ ಕೂತಿದ್ದ. ಪಕ್ಕದಲ್ಲಿ ದುಭಾಷಿ ಎಫೆಂದಿ. ಅವರ ಮುಂದೆ ಬರುವಾಗ ಎಲ್ಲರೂ ಸ್ವತಂತ್ರರು. ವೈದ್ಯ ಬಾಯಿ ತೆರೆಸಿ ಹಲ್ಲು ನೋಡಿದ, ರೆಪ್ಪೆ ಎಳೆದ, ತೊಡೆ ಒತ್ತಿದ, ಒಬ್ಬೊಬ್ಬನನ್ನು ಮುಟ್ಟಿದ ಮೇಲೂ ಕೈ ಒರೆಸಿಕೊಂಡ. ದನದ ಸಂತೆಯಲ್ಲಿ ಕೂಡ ಕೊಳ್ಳುವವರು ಹೀಗೆ ಕೈ ಒರೆಸಿಕೊಳ್ಳುವುದನ್ನು ನಬವಿಯಾ ಕಂಡಿರಲಿಲ್ಲ.

"ಒಪ್ಪಿ ಬಂದಿದ್ದೀಯಾ?" ಎಂದು ಎಫೆಂದಿ ಖಲಫನನ್ನು ಕೇಳಿದ. ಖಲಫ್ ಬಾಯಿ ತೆರೆಯುವ ಮೊದಲೇ ಸಾಹೇಬನಿಗೆ ಉತ್ತರ ಹೋಯಿತು. ಹೆಬ್ಬೆಟ್ಟಿಗೆ ಮಸಿ ಹಚ್ಚಿ ಒತ್ತಿಸಿಕೊಂಡರು.

ನಬವಿಯಾ ಗೋಡೆಯ ಹಿಂದೆ ಹೋಗಿ, ಗಂಡ ಸುತ್ತಿಡುತ್ತಿದ್ದ ಹಗ್ಗವನ್ನು ಕಿತ್ತುಕೊಂಡು ಬಂದಳು. ಪೊಲೀಸರು ತಡೆಯುವುದರೊಳಗೆ ಮೇಜಿನ ಮೇಲೆ ಹಾಕಿದಳು.

"ಇವರನ್ನೆಲ್ಲ ಒಪ್ಪಿಸಿದ್ದು ಇದು, ಸಾಹೇಬ್ರೆ. ಇದರ ಹೆಬ್ಬೆಟ್ಟೂ ಒತ್ತಿಸ್ಕೊಳ್ಳಿ."

ಎಫೆಂದಿಯ ಮುಖ ಕೆಂಪಾಯಿತು. ಅವನು ಬಗ್ಗಿ ಸಾಹೇಬನ ಕಿವಿಯಲ್ಲಿ ಏನೋ ಹೇಳಿದ. ಸಾಹೇಬ ಹಗ್ಗವನ್ನು ಕೈಗೆತ್ತಿಕೊಂಡು ಹುರಿ ಪರೀಕ್ಷಿಸಿದ, ಎಳೆದು ನೋಡಿದ, ತಲೆದೂಗಿದ. ಜೇಬಿನಿಂದ ಒಂದು ನಾಣ್ಯ ತೆಗೆದು ಮೇಜಿನ ಅಂಚಿಗೆ ಸರಿಸಿದ.

"ಹಗ್ಗ ಚೆನ್ನಾಗಿದ್ಯಂತೆ," ಎಫೆಂದಿ ಅವಳತ್ತ ನೋಡದೆ ಹೇಳಿದ. "ಒಂಟೆಗಳಿಗೆ ಆಗುತ್ತಂತೆ. ಇನ್ನೂ ಇದ್ರೆ ತಂದುಕೊಡು."

ನಬವಿಯಾ ಕೈ ಚಾಚಲಿಲ್ಲ. ಹಿಂದಿನಿಂದ ಒಂದು ಕೈ ಬಂದು ಆ ನಾಣ್ಯ ಎತ್ತಿಕೊಂಡಿತು. ಹರೀದಿ. ಎತ್ತಿಕೊಂಡು ಸಾಹೇಬನಿಗೆ ಸಲಾಮು ಬೇರೆ ಹೊಡೆದ. ಅವಳು ಗೋಡೆಗೆ ಕೈಯೂರಿ ಬೆಳಗಿನ ರೊಟ್ಟಿಯನ್ನೆಲ್ಲ ಕಾರಿಕೊಂಡಳು. ಅಷ್ಟರಲ್ಲಿ ಖಲಫ್ ಮತ್ತು ಉಳಿದವರನ್ನು ರೈಲಿನ ದನದ ಡಬ್ಬಿಗೆ ಹತ್ತಿಸಿಯಾಗಿತ್ತು.

ಊರಿಗೆ ಮರಳಿದವಳು ತನ್ನ ಮನೆಯ ಹೊಸಿಲು ತುಳಿಯಲಿಲ್ಲ. ಖಲಫನ ತಾಯಿಯ ಜೊತೆಗೇ ಇದ್ದು ಅವನು ಅರ್ಧಕ್ಕೆ ಬಿಟ್ಟ ಗೋಧಿ ಕೊಯ್ದಳು. ಕಣದಲ್ಲಿ ಕಾಳು ಬೇರೆಯಾಗುತ್ತಿದ್ದಂತೆ ಸೈನ್ಯದವರು ಬಂದು ತಮ್ಮ ಕುದುರೆಗಳಿಗೆಂದು ಹುಲ್ಲು ಒಯ್ದರು, ತಾವೇ ಕಟ್ಟಿದ ಬೆಲೆಗೆ ಕಾಳನ್ನೂ ಒಯ್ದರು.

ಹರೀದಿ ಒಂದು ದಿನ ಕಣದ ಅಂಚಿಗೆ ಬಂದು ನಿಂತ.

"ಮನೆಗೆ ನಡಿ. ರೊಟ್ಟಿ ಸುಡೋರಿಲ್ಲ. ಊರು ನಗುತ್ತೆ."

"ನಿನ್ನ ಕೈಗೆ ರೊಟ್ಟಿ ಇಡೋಕೆ ಹೇಸಿಗೆ ಆಗುತ್ತೆ, ಹರೀದಿ. ಬೈಯೋಕೂ ಬಾಯಿ ಬರ್ತಿಲ್ಲ, ಹೋಗು."

ಖಲಫ್ ಚಳಿಗಾಲದಲ್ಲಿ ಬಂದ. ಮೈಮೇಲೆ, ಹೇನಿಗೆಂದು ಹೊಗೆ ಹಾಕಿದ ಗಂಧಕದ ನಾತದ ಒಂದು ಕಂದು ಅಂಗಿ. ಜೆರುಸಲೇಮಿನ ಗುಡ್ಡಗಳ ಚಳಿಗೆ ಎಡಗಾಲಿನ ಬೆರಳುಗಳು ಹೋಗಿದ್ದವು. ನೆರೆಯವರು ಬಂದು ನೋಡಿದರು. ಹರೀದಿಯೂ ಒಂದು ಪೊಟ್ಟಣ ಸಕ್ಕರೆ ಹಿಡಿದು ಬಂದ. ಖಲಫ್ ಕುಂಟುತ್ತ ಎದ್ದು, ಅವನ ಕೈಗೆ ಮುತ್ತಿಟ್ಟು, "ಬಾಬಾ, ಕೂತ್ಕೊಳ್ಳಿ," ಎಂದು ತನ್ನ ಜಾಗ ಬಿಟ್ಟುಕೊಟ್ಟ.

ಹರೀದಿ ಹೋದ ಮೇಲೆ ನಬವಿಯಾ ಬಂದು ಖಲಫನ ಎದುರು ಕೂತಳು.

"ಆ ಕೈಗೆ ಮುತ್ತಿಟ್ಯಲ್ಲೋ."

"ಅಲ್ಲಿ ಎಂಥೆಂಥ ಕೈಗೋ ಸಲಾಮು ಹೊಡ್ದಿದ್ದೀನಮ್ಮ. ಅದಕ್ಕೆ ಹೋಲಿಸಿದ್ರೆ ಇದು ಮನೆ ಕೈ." ಅವನು ಕಾಲನ್ನು ಕಂಬಳಿಯೊಳಗೆ ಎಳೆದುಕೊಂಡ. "ಮತ್ತೆ ಆಳು ಬೇಕು ಅಂತ ಕೇಳಿದ್ರೆ ಹಗ್ಗ ಹಿಡ್ಕೊಂಡು ಬರೋರು ಇವರೇ ತಾನೆ."

ಅವನನ್ನು ಬೈಯಲು ಅವಳಿಗೆ ಮನಸ್ಸು ಬರಲಿಲ್ಲ. ಖಲಫನ ತಾಯಿ ಹರೀದಿ ತಂದ ಪೊಟ್ಟಣ ಬಿಚ್ಚಿ ಮಗನ ಚಹಾಕ್ಕೆ ಧಾರಾಳವಾಗಿ ಸಕ್ಕರೆ ಹಾಕಿದಳು. ನಬವಿಯಾ ತನ್ನ ಲೋಟದ ಮೇಲೆ ಅಂಗೈ ಮುಚ್ಚಿ, ಸಪ್ಪೆ ಚಹಾವನ್ನೇ ಕುಡಿದಳು.